ಧಣಿಗೆ ನಾವು ಹಾಕಿದ ಊಟ

ನ್ಯೂಯಾರ್ಕ್, ಚೈನಾಟೌನ್
೪ ಜುಲೈ ೧೯೮೨, ಭಾನುವಾರ

ಪ್ರೀತಿಯ ಅಕ್ಕಾ,

ನಿನ್ನ ತಂಗಿ ಸೌ ಹಿಂಗ್ ಮಾಡುವ ನಮಸ್ಕಾರ. ಮಂಡಿನೋವು ಹೇಗಿದೆ? ಹಾಂಗ್‌ಕಾಂಗ್‌ನಲ್ಲಿ ಈಗ ಮಳೆ ಇರಬೇಕು, ಆ ಜಾರುವ ಮೆಟ್ಟಿಲುಗಳನ್ನು ಸುಮ್ಮಸುಮ್ಮನೆ ಹತ್ತಿ ಇಳಿಯಬೇಡ. ಮಾರುಕಟ್ಟೆಯ ಮೀನು ಒಂದು ದಿನ ನಿನ್ನ ಕೈ ಸೋಕದೆ ಹೋದರೆ ಏನೂ ಮುಳುಗುವುದಿಲ್ಲ. ನಾವು ಚೆನ್ನಾಗಿದ್ದೇವೆ. ನಮ್ಮವರು ಹೋಟೆಲಿನಲ್ಲಿ ಇನ್ನೂ ಬಾಣಲೆ ಹಿಡಿದೇ ಇದ್ದಾರೆ, ಆದರೆ ಎರಡೂ ಕಣ್ಣಿಗೆ ಪೊರೆ ಬಂದು ಉಪ್ಪು ಯಾವುದು ಸಕ್ಕರೆ ಯಾವುದು ಎಂದು ನಾಲಿಗೆಗೆ ಹಚ್ಚಿಯೇ ತಿಳಿಯಬೇಕು. ನಿನ್ನ ಮಗ ವಿಂಗ್ ಕಿಟ್ ಕೂಡ ಚೆನ್ನಾಗಿದ್ದಾನೆ, ಸ್ವಲ್ಪ ಹೊಟ್ಟೆ ಬಂದಿದೆ. ಅವನ ಕಾಗದಕ್ಕಿಂತ ಮುಂಚೆ ನನ್ನದು ನಿನಗೆ ತಲುಪಲಿ ಎಂದೇ ಇವತ್ತು ಬರೆಯಲು ಕೂತೆ.

ನಾನು ಕಾಲರ್ ಹೊಲಿಯುವುದು ಅವನ ಕಾರ್ಖಾನೆಯಲ್ಲೇ ಎಂಬುದು ನಿನಗೆ ಗೊತ್ತು. ನಮ್ಮನ್ನು ಇಲ್ಲಿಗೆ ಕರೆಸಿಕೊಂಡವನೂ ಅವನೇ. ಆ ಉಪಕಾರವನ್ನು ನಾನು ಮರೆತಿಲ್ಲ, ಮರೆಯಲು ಅವನೂ ಬಿಟ್ಟಿಲ್ಲ. ಈ ಬೇಸಿಗೆಯಲ್ಲಿ ಯೂನಿಯನ್ನಿನ ಹಳೆಯ ಕರಾರು ಮುಗಿಯಿತು. ಪಟ್ಟಣದ ಉಳಿದ ಧಣಿಗಳು ಹೊಸದಕ್ಕೆ ಸಹಿ ಹಾಕಿದರೆ, ನಮ್ಮ ಚೀನೀ ಧಣಿಗಳು ಮಾತ್ರ ಒಲ್ಲೆವೆಂದು ಕೂತರು. ಕರಾರಿದ್ದರೆ ಕೂಲಿ, ರಜೆ ಅಷ್ಟೇ ಅಲ್ಲ, ಮನೆಮಂದಿಯ ಆಸ್ಪತ್ರೆ ಖರ್ಚೂ ಯೂನಿಯನ್ನಿನದು. ನಮ್ಮವರ ಹೋಟೆಲಿನಲ್ಲಿ ಅಂಥದ್ದೇನೂ ಇಲ್ಲ. ಆಗಸ್ಟಿನಲ್ಲಿ ಆಗಬೇಕಾದ ಅವರ ಕಣ್ಣಿನ ಆಪರೇಷನ್ ನನ್ನ ಯೂನಿಯನ್ ಕಾರ್ಡಿನ ಮೇಲೆಯೇ ನಿಂತಿತ್ತು. ವಿಂಗ್ ಕಿಟ್‌ಗೆ ಎಷ್ಟು ಹೇಳಿದರೂ ಅವನದು ಒಂದೇ ರಾಗ: "ನಾವು ನಾವೇ ಅಲ್ವಾ ಚಿಕ್ಕಮ್ಮಾ, ಮನೆಯೋರ ಮಧ್ಯೆ ಕಾಗದ-ಪತ್ರ ಯಾಕೆ?"

ಜೂನ್ ಕೊನೆಯ ಗುರುವಾರ ಹೊಲಿಗೆಯ ಹೆಂಗಸರೆಲ್ಲ ಪಾರ್ಕಿನಲ್ಲಿ ಸೇರುವುದೆಂದು ಗೊತ್ತಾಯಿತು. ನಿನ್ನ ಮಗ ಬುದ್ಧಿವಂತ. ಅದೇ ಬೆಳಗಿನ ಊಟಕ್ಕೆ ಕಾರ್ಖಾನೆಯ ಅಷ್ಟೂ ಜನರನ್ನು ಒಂದು ದೊಡ್ಡ ಹೋಟೆಲಿಗೆ ಮುಂಚೆಯೇ ಕರೆದಿಟ್ಟ. ಅವನ ಅನ್ನ ಉಂಡು, ಬಾಯಿ ಒರೆಸಿಕೊಂಡು, ಅವನ ವಿರುದ್ಧವೇ ಬೀದಿಗಿಳಿಯುವ ಹೆಂಗಸು ನಮ್ಮಲ್ಲಿ ಯಾರಿದ್ದಾಳೆ ಹೇಳು. ಕರೆದಾಗ ಹೋಗದಿದ್ದರೆ ಅದು ಇನ್ನೂ ದೊಡ್ಡ ಅವಮಾನ. ಹಿಂದಿನ ಸಂಜೆ ನಾನು ತಲೆಯ ಮೇಲೆ ಕೈ ಹೊತ್ತು ಕೂತಿದ್ದೆ. ಪಕ್ಕದ ಮಷೀನಿನ ಯೂಟ್ ಹಾ, ಬಾಯಿ ಜೋರು, ಮನಸ್ಸು ಬೆಣ್ಣೆ, ಅವಳೇ ದಾರಿ ತೋರಿಸಿದಳು: "ಹೋಗೋಣ, ಹೊಟ್ಟೆ ತುಂಬಾ ತಿನ್ನೋಣ. ಬಿಲ್ ಮಾತ್ರ ಅವನ ಕೈಗೆ ಸಿಗ್ಬಾರ್ದು." ಎಲ್ಲರೂ ಕೈಲಾದಷ್ಟು ದುಡ್ಡು ಹಾಕಿದೆವು.

ಬಿಲ್ಲಿಗಾಗಿ ಕೈಕೈ ಮಿಲಾಯಿಸುವ ನಮ್ಮ ಜನರ ಚಾಳಿಯನ್ನು ನಿನಗೆ ಹೇಳಬೇಕೇ? ಅಪ್ಪ ಒಮ್ಮೆ ಮಾವನ ಅಂಗಿಯ ತೋಳನ್ನೇ ಹರಿದಿದ್ದರಲ್ಲ. ಕೊಟ್ಟವನು ದೊಡ್ಡವನು, ಕೊಡಿಸಿಕೊಂಡವನು ಋಣದಲ್ಲಿ. ಸೀಗಡಿ ಕಡುಬು, ಕೋಳಿಕಾಲು, ಹಂದಿಮಾಂಸದ ಬನ್ನು, ನಾವು ಒಂದನ್ನೂ ಬಿಡಲಿಲ್ಲ. ವಿಂಗ್ ಕಿಟ್ ತಾನೇ ಓಡಾಡಿ ಎಲ್ಲರ ಬಟ್ಟಲಿಗೂ ಚಹಾ ಸುರಿದ. ನಾನು ಕೈ ತೊಳೆಯುವ ನೆಪದಲ್ಲಿ ಎದ್ದು, ಗಲ್ಲಾದಲ್ಲಿ ಹಣ ಕಟ್ಟಿ ಬಂದು, ಏನೂ ಅರಿಯದವಳಂತೆ ಇನ್ನೊಂದು ಕಡುಬು ತಿಂದೆ. ಅವನು ಬಿಲ್ ಕೇಳಿದಾಗ ಮಾಣಿ ನನ್ನ ಕಡೆ ಕೈ ತೋರಿಸಿದ. ಅಕ್ಕಾ, ಅವನ ಮುಖ ನೀನು ನೋಡಬೇಕಿತ್ತು. "ಇದೇನ್ ಮಾಡ್ಬಿಟ್ರಿ ಚಿಕ್ಕಮ್ಮಾ, ಎಲ್ರೆದುರು ನನ್ನ ಮರ್ಯಾದೆ ತೆಗೆದ್ರಿ" ಎಂದ. ಯೂಟ್ ಹಾ ಹಲ್ಲು ಚುಚ್ಚಿಕೊಳ್ಳುತ್ತ, "ಮನೆಯೋರು ಅಂದ್ಮೇಲೆ ನಾವೂ ಒಂದಿನ ನಿಮಗೆ ಊಟ ಹಾಕ್ಬೇಡ್ವಾ ಧಣಿ? ಹೊಟ್ಟೆ ತುಂಬ್ತಾ?" ಎಂದು ಕೇಳಿ, ಚೀಲದಿಂದ ಯೂನಿಯನ್ ಟೋಪಿ ತೆಗೆದು ತಲೆಗೇರಿಸಿದಳು. ನಾವೆಲ್ಲ ಏರಿಸಿಕೊಂಡು ಹೊರಟೆವು.

ಪಾರ್ಕಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಚೀನೀ ಹೆಂಗಸರು ಬೀದಿಗೆ ಬರುವುದಿಲ್ಲವೆಂದು ಆಡಿಕೊಂಡಿದ್ದವರ ಬಾಯಿಗೆ ಬೀಗ ಬಿತ್ತು. ನಮ್ಮವರು ಅಡುಗೆ ಬಿಟ್ಟು ಓಡಿ ಬಂದು, ಬೇಲಿಯಾಚೆ ನಿಂತು ಉದ್ದಕ್ಕೂ ಕೈ ಬೀಸಿದರು. ನನಗಲ್ಲ, ಅದೇ ಟೋಪಿ ಹಾಕಿದ್ದ ಯಾವಳೋ ದಪ್ಪ ಹೆಂಗಸಿಗೆ. ಅವಳೂ ಪಾಪ, ತಿರುಗಿ ಬೀಸುತ್ತಿದ್ದಳು. ನಗುತ್ತ ನಗುತ್ತ ನನಗೆ ಅಳು ಬಂತು. ಆ ಕಣ್ಣಿಗಾಗಿ ಇನ್ನೆಷ್ಟು ಬೀದಿ ಬೇಕಾದರೂ ನಡೆದೇನು ಅನ್ನಿಸಿತು.

ಆಮೇಲೆ ಧಣಿಗಳು ಒಬ್ಬೊಬ್ಬರಾಗಿ ಸಹಿ ಹಾಕತೊಡಗಿದರು. ವಿಂಗ್ ಕಿಟ್ ಮಾತ್ರ ಬಾಗಿಲು ಮುಚ್ಚಿಕೊಂಡು ಕೂತ. ಮೊನ್ನೆ ನನ್ನನ್ನು ಒಳಗೆ ಕರೆದು, ತಲೆ ತಗ್ಗಿಸಿಕೊಂಡು ಕೇಳಿದ: "ಅಮ್ಮಂಗೆ ಏನಂತ ಬರೀಲಿ ಚಿಕ್ಕಮ್ಮಾ? ಕೆಲಸದ ಹೆಂಗಸ್ರಿಗೆ ಸೋತೆ ಅಂತ ಬರೀಲಾ?" ನಾನೊಂದು ಮಾತು ಹೇಳಿದೆ. ಪೆನ್ನು ತೆಗೆದು ಸಹಿ ಹಾಕಿದ. ಆಪರೇಷನ್ನಿನ ದಿನವೂ ಗೊತ್ತಾಗಿದೆ. ಯೂಟ್ ಹಾ ಆಗಲೇ, ಬಟ್ಟೆಮೂಟೆಗಳ ನಡುವೆ ಮಲಗುವ ಮಕ್ಕಳಿಗೆ ಶಿಶುವಿಹಾರ ಬೇಕೆಂದು ಹೊಸ ರಾಗ ತೆಗೆದಿದ್ದಾಳೆ.

ಭಾವನವರಿಗೆ ನಮ್ಮಿಬ್ಬರ ನಮಸ್ಕಾರ, ಮೊಮ್ಮಕ್ಕಳಿಗೆ ಮುದ್ದು. ಕಾಲಿಗೆ ಎಣ್ಣೆ ತಿಕ್ಕಿಕೊಳ್ಳುವುದನ್ನು ತಪ್ಪಿಸಬೇಡ.

ನಿನ್ನ ತಂಗಿ,
ಸೌ ಹಿಂಗ್

ಅವಸರದಲ್ಲಿ: ನಾನು ಅವನಿಗೆ ಹೇಳಿದ ಮಾತು ಇದು. "ನಿಮ್ಮಮ್ಮ ನಂಗೆ ಆಗ್ಲೇ ಬರೆದಿದ್ದಾಳೆ ಕಣೋ, ಮಗ ಸಹಿ ಹಾಕಿದ್ರೆ ನಂಗೆ ಹೆಮ್ಮೆ ಅಂತ." ಆ ಕಾಗದ ತೋರಿಸಿ ಎಂದು ಆಗಿನಿಂದ ಪೀಡಿಸುತ್ತಿದ್ದಾನೆ, ಎಲ್ಲೋ ಇಟ್ಟಿದ್ದೇನೆ ಎಂದು ತಳ್ಳುತ್ತಿದ್ದೇನೆ. ಇದು ಕೈಸೇರಿದ ಕೂಡಲೇ ಅಂಥದ್ದೊಂದನ್ನು ಬರೆದು, ಜೂನ್ ತಿಂಗಳ ತಾರೀಖು ಹಾಕಿ, ವಿಮಾನದ ಅಂಚೆಯಲ್ಲಿ ಕಳಿಸು. ನನ್ನನ್ನು ಬೈಯುವುದಿದ್ದರೆ ಅದನ್ನು ಬೇರೆ ಲಕೋಟೆಯಲ್ಲಿ ಹಾಕು.