ಮೌನ ಫಲಕದ ಕೆಳಗೆ ಮೂರನೆಯ ಅಧ್ಯಾಯ

ಮಾರ್ಚ್ 11, ಮಂಗಳವಾರ

ಗಂಟಲು ಬಿದ್ದುಹೋಗಿದೆ, ಸಿಟ್ಟು ಮಾತ್ರ ಆರಿಲ್ಲ. ಸೋಮವಾರ ಪರೀಕ್ಷೆ. ಓದಲೇಬೇಕಾದ ಇ-ಪುಸ್ತಕಕ್ಕೆ ನಮ್ಮ ಕಾಲೇಜು ಗ್ರಂಥಾಲಯ ಕೊಂಡಿರುವುದು ಒಂದೇ ಒಂದು ಲೈಸೆನ್ಸ್. ಒಬ್ಬರು ತೆರೆದರೆ ಉಳಿದ ನಲವತ್ತೊಂದು ಮಕ್ಕಳಿಗೆ ಬಾಗಿಲು ಬಂದ್. ಪಾಪ, ತಾವೇ ಪಾಳಿ ಹಾಕಿಕೊಂಡಿದ್ದಾರೆ. ಬಟ್ಟೆ ಅಂಗಡಿಯಲ್ಲಿ ದುಡಿದು ಓದುವ ಹುಡುಗಿಗೆ ಸಿಕ್ಕಿದ್ದು ಬೆಳಗಿನ ಜಾವ ಮೂರು ಗಂಟೆಯ ಪಾಳಿ! ನಿನ್ನೆ ನನ್ನ ತರಗತಿಯಲ್ಲೇ ತೂಕಡಿಸಿ ಬಿದ್ದಳು.

ಇನ್ನಷ್ಟು ಲೈಸೆನ್ಸ್ ತರಿಸಿ ಎಂದರೆ ಪ್ರಿನ್ಸಿಪಾಲರದು ಒಂದೇ ಮಂತ್ರ: "ಅರ್ಜಿ ಕೊಡಿ." ನಾಲ್ಕು ಕೊಟ್ಟಾಯಿತು.

ಇವತ್ತು ಎಲ್ಲರನ್ನೂ ಗ್ರಂಥಾಲಯಕ್ಕೇ ಕರೆದೊಯ್ದೆ. 'ಮೌನ' ಎಂಬ ಫಲಕದ ಕೆಳಗೆ ನಿಂತು, ಮೊಬೈಲಿನಲ್ಲಿ ಆ ಪುಸ್ತಕ ತೆರೆದು, ಮೂರನೆಯ ಅಧ್ಯಾಯವನ್ನು ಗಟ್ಟಿಯಾಗಿ ಓದತೊಡಗಿದೆ. ಗ್ರಂಥಪಾಲಕರು ಓಡಿಬಂದರು.

"ಏನ್ ಮೇಡಂ ಇದು? ಒಬ್ಬರಿಗೆ ಮಾತ್ರ ಲೈಸೆನ್ಸ್ ಇರೋದು!"

"ಒಬ್ಬಳೇ ತಾನೆ ಸಾರ್ ತೆರೆದಿರೋದು? ಕಿವಿಗೂ ಲೈಸೆನ್ಸ್ ಬೇಕಾ?"

ಮಕ್ಕಳು ಗೊಳ್ಳೆಂದರು.

"ನನ್ನ ಕೆಲಸಕ್ಕೆ ಕಲ್ಲು ಹಾಕ್ತೀರಿ ನೀವು" ಎಂದು ಗೊಣಗುತ್ತ ಹೋದವರು, ಅರ್ಧ ಗಂಟೆ ಬಿಟ್ಟು ಒಂದು ಲೋಟ ನೀರು ತಂದಿಟ್ಟರು. "ಬೇಗ ಮುಗಿಸಿ, ಆರಕ್ಕೆ ಬೀಗ."

ಮನೆಗೆ ಹೊರಡುವಾಗ ಪ್ರಿನ್ಸಿಪಾಲರ ನೋಟಿಸ್ ಕೈಗೆ ಬಂತು. ಶಿಸ್ತು ಮುರಿದಿದ್ದೇನಂತೆ, ಉತ್ತರ ಕೊಡಬೇಕಂತೆ. ನಾಲ್ಕು ಅರ್ಜಿ ನುಂಗಿ ಸುಮ್ಮನೆ ಕುಳಿತವರಿಗೆ ಉತ್ತರ ಕೇಳುವ ಬಾಯಿ ಎಲ್ಲಿಂದ ಬಂತು?

ನಾಳೆ ನಾಲ್ಕನೆಯ ಅಧ್ಯಾಯ. ನನ್ನ ಗಂಟಲು ಕೈಕೊಟ್ಟರೆ ತಾನು ಓದುತ್ತೇನೆ ಎಂದಿದ್ದಾಳೆ ಅಂಗಡಿಯ ಹುಡುಗಿ. ಓದುವೆಯಂತೆ, ಇವತ್ತು ಮೂರಕ್ಕೆ ಏಳಬೇಡ ಕಣೇ, ಕಣ್ತುಂಬ ನಿದ್ದೆ ಮಾಡು ಎಂದು ಕಳಿಸಿದೆ.