ತಲುಪಿಲ್ಲ ಎಂದ ಜವಳಿ ಉಟ್ಟು ನಮ್ಮನ್ನು ಹೊಡೆದರು

ಬ್ಯಾಂಕಿನ ಕಾರ್ಡ್ ತಕರಾರು ವಿಭಾಗದ ಮುಖ್ಯಸ್ಥರಾದ ಮಾನ್ಯರೇ,

ಕುಳಿತ ಕುರ್ಚಿಯಿಂದ ಏಳದೆಯೇ ನೀವು ನನ್ನ ಗಂಡನ ಕೈ ಮುರಿಸಿದ್ದೀರಿ. ಕಬ್ಬು ಕಡಿಯುವ ಕೊಯ್ತಾ ಹಿಡಿದವನು ಬೇರೆಯವನು, ನಿಜ. ಆದರೆ ಅವನಿಗೆ ಅಷ್ಟು ಧೈರ್ಯ ಬಂದದ್ದು ನಿಮ್ಮ ತೀರ್ಪಿನಿಂದ. ನನ್ನ ಹೊಟ್ಟೆ ಉರಿಯುತ್ತಿದೆ, ಆದ್ದರಿಂದ ಈ ಪತ್ರದಲ್ಲಿ ಸೌಜನ್ಯ ಹುಡುಕಬೇಡಿ.

ನಿಪ್ಪಾಣಿಯಲ್ಲಿ ನಮ್ಮದು ಜವಳಿ ಅಂಗಡಿ. ಲಗ್ನದ ಜವಳಿಗೆ ನಮ್ಮ ಕಡೆ ಬಸ್ತಾ ಅನ್ನುತ್ತಾರೆ. ಅಂಕಲಿ ಕಡೆಯ ಒಂದು ಮನೆತನ ಜೀಪು ತುಂಬ ಬಂದು, ಚಹಾ ಚೂಡಾ ಮುಗಿಸಿ, ಇಡೀ ಬಳಗಕ್ಕೆ ಬಸ್ತಾ ತೆಗೆಯಿತು. ವರನ ಕಾಕಾ ಕಾರ್ಡಿನಲ್ಲಿ ಹಣ ಕೊಟ್ಟರು. ಸೀರೆಗಳಿಗೆ ಫಾಲ್ ಹಚ್ಚಿಸಿ, ನಮ್ಮ ಮನೆಯವರೇ ಗಂಟನ್ನು ಅವರ ಊರಿಗೆ ಒಯ್ದರು. ಗಂಟಿಗೆ ಅರಿಶಿನ ಕುಂಕುಮ ಹಚ್ಚಿ, ಮನೆಯ ಹಿರಿಯಳಾದ ಲಕ್ಕವ್ವನ ಉಡಿಯಲ್ಲಿಟ್ಟು, ಕಾಲು ಮುಟ್ಟಿ ಬಂದರು. ಸಹಿ ಕೇಳಲಿಲ್ಲ. ಮಂಗಳ ಕಾರ್ಯದ ಉಡಿಯ ಮುಂದೆ ರಸೀದಿ ಹಿಡಿದು ನಿಂತರೆ ನಮ್ಮಲ್ಲಿ ಅಪಶಕುನ. ನಿಮ್ಮ ಲೆಕ್ಕದಲ್ಲಿ ಇದೇ ನಮ್ಮ ಅಪರಾಧ.

ಲಗ್ನವಾಯಿತು. ಆಮೇಲೆ ಕಾಕಾ "ಸರಕು ತಲುಪಿಲ್ಲ" ಎಂದು ನಿಮಗೆ ದೂರು ಕೊಟ್ಟರು. ಸರಕು ಮುಟ್ಟಿತೆಂದು ಅವರು ಸಹಿ ಮಾಡಿದ ಪತ್ರವನ್ನು ನೀವು ನಮ್ಮಿಂದ ಬೇಡಿದಿರಿ. ಅದೇ ಜವಳಿ ಉಟ್ಟು ಅವರು ನಿಂತ ಲಗ್ನದ ಫೋಟೊ ಕಳಿಸಿದೆವು. "ಫೋಟೊ ಪುರಾವೆ ಆಗಲ್ಲ ಮೇಡಂ" ಎಂದಿತು ಫೋನಿನ ದನಿ. ನಮ್ಮ ಖಾತೆಯಿಂದ ಹಣ ಕಿತ್ತು ಅವರಿಗೆ ಕೊಟ್ಟಿರಿ. ಗ್ರಾಹಕ ದೇವರಂತೆ. ಹಾಗಾದರೆ ವ್ಯಾಪಾರಿ ಯಾರು, ಬಲಿಯ ಕುರಿಯೇ? ನಿಜವಾಗಿ ಮೋಸಹೋದ ಗ್ರಾಹಕನಿಗಾಗಿ ಇಟ್ಟ ಬಾಗಿಲಿನಲ್ಲಿ ಕಳ್ಳ ನುಗ್ಗಿದರೆ, ಅವನ ಮುಖವನ್ನಾದರೂ ನೋಡಬಾರದೇ?

ನಾವಿಬ್ಬರೂ ಅವರ ಮನೆಗೆ ಹೋದೆವು. ಅಂದು ಅಲ್ಲಿ ಸತ್ಯನಾರಾಯಣ ಪೂಜೆ. ಹೆಂಗಸರೆಲ್ಲ ನಮ್ಮ ಅಂಗಡಿಯ ಸೀರೆಯಲ್ಲೇ ಓಡಾಡುತ್ತಿದ್ದರು.

"ಕಾಕಾ, ಜವಳಿ ನಿಮ್ಮ ಮೈಮ್ಯಾಗ ಐತಿ. ಬಂದಿಲ್ಲಂತ ಬ್ಯಾಂಕಿಗೆ ಹ್ಯಾಂಗ ಹೇಳಿದ್ರಿ?" ಎಂದರು ನಮ್ಮ ಮನೆಯವರು.

"ಬ್ಯಾಂಕ್ ನನ್ನ ಕಡೆ ನ್ಯಾಯ ಕೊಟ್ಟೈತಿ. ನೀ ಯಾಂವ್ಲೇ ಕೇಳಾಂವ?"

ಮಾತು ಅಷ್ಟಕ್ಕೇ ಮುಗಿಯಿತು. ಕಾಕಾನ ತಮ್ಮಂದಿರಿಬ್ಬರು ನಮ್ಮ ಮನೆಯವರನ್ನು ಅಂಗಳಕ್ಕೆ ಎಳೆದು ಕೆಡವಿ ಎದೆಗೆ ಒದ್ದರು. ಕಾಕಾ ಕೊಯ್ತಾದ ಮೊಂಡು ಬದಿ ತಿರುವಿ ಹಿಡಿದು ಬಲಗೈ ಮೇಲೆ ಹೊಡೆದ. ಎಲುಬು ಮುರಿದ ಸದ್ದು ನನಗೆ ಕೇಳಿಸಿತು. "ಹೊಡಿಬ್ಯಾಡ್ರೋ, ಅಂವ ನನ್ನ ಉಡ್ಯಾಗ ಗಂಟ ಇಟ್ಟಾನೋ!" ಎಂದು ಲಕ್ಕವ್ವ ಬಡಕೊಂಡಳು. ಯಾರೂ ಕಿವಿಗೊಡಲಿಲ್ಲ. ಕೊಯ್ತಾ ಮತ್ತೆ ಮೇಲೆದ್ದಿತು. ಈ ಸಲ ತಲೆಯ ಕಡೆ. ಪೂಜೆಯ ತಾಮ್ರದ ತಂಬಿಗೆ ನನ್ನ ಕೈಗೆ ಸಿಕ್ಕಿತು. ಅವನ ಹಣೆ ಒಡೆಯುವಂತೆ ಬೀಸಿದೆ. ಅವನು ಕುಸಿದ ಮೇಲೂ ಇನ್ನೊಂದು ಹಾಕಿದೆ. ಪಶ್ಚಾತ್ತಾಪವಿಲ್ಲ.

ಈಗ ನನ್ನ ಗಂಡನ ಬಲಗೈಯಲ್ಲಿ ಸ್ಟೀಲಿನ ಪಟ್ಟಿ ಕೂತಿದೆ, ಬಟ್ಟೆ ಅಳೆಯಲು ಬೆರಳು ಮಡಚುವುದಿಲ್ಲ. ಅವರ ಮೇಲೊಂದು ಕೇಸು, ನನ್ನ ಮೇಲೊಂದು. ನಾನು ಜಾಮೀನಿನ ಮೇಲೆ ಹೊರಗಿದ್ದೇನೆ. ನನಗೆ ಶಿಕ್ಷೆಯಾದರೆ ಅಂಗಡಿಯ ಕದ ತೆಗೆಯುವವರಿಲ್ಲ. ನನ್ನ ವಿರುದ್ಧ ಪೊಲೀಸರು ಜಪ್ತಿ ಮಾಡಿದ ದೊಡ್ಡ ಸಾಕ್ಷಿ ಯಾವುದು ಗೊತ್ತೇ? ಕಾಕಾನ ರಕ್ತ ಹತ್ತಿದ ಅಂಗಿ. ಅದು ಬಸ್ತಾದಲ್ಲಿ ನಮ್ಮಲ್ಲೇ ತೆಗೆದದ್ದೆಂದು ಪೊಲೀಸರಿಗೆ ಅವನೇ ಹೇಳಿಕೆ ಕೊಟ್ಟಿದ್ದಾನೆ.

ಆದ್ದರಿಂದ ನನ್ನ ಬೇಡಿಕೆ ಸರಳ. ಠಾಣೆಗೆ ಬಂದು ಆ ಅಂಗಿಯನ್ನು ಕಣ್ಣಾರೆ ನೋಡಿ, ನಿಮ್ಮ ತೀರ್ಪನ್ನು ರದ್ದು ಮಾಡಿ. ಅದಾಗದಿದ್ದರೆ ಚಿಕ್ಕೋಡಿ ಕೋರ್ಟಿಗೆ ಬಂದು, ಈ ಜವಳಿ ಆ ಮನೆಗೆ ತಲುಪಿಯೇ ಇಲ್ಲ, ಆದ್ದರಿಂದ ಇಂಥದೊಂದು ಅಂಗಿ ಅವನ ಮೈಮೇಲೆ ಇರಲೇ ಇಲ್ಲ ಎಂದು ನ್ಯಾಯಾಧೀಶರ ಮುಂದೆ ಪ್ರಮಾಣ ಮಾಡಿ ಹೇಳಿ. ಸಹಿ ಮಾತ್ರ ಮರೆಯಬೇಡಿ.

ಇಂತಿ,
ಇರುವೆ ಸತ್ತೀತೆಂದು ನೋಡಿ ನೋಡಿ ಅಂಗಳ ಗುಡಿಸುವ ಜೈನರ ಮನೆಯ ಸೊಸೆ, ಸದ್ಯ ಹಲ್ಲೆ ಪ್ರಕರಣದ ಆರೋಪಿ,
ರಾಜಮತಿ, ನಿಪ್ಪಾಣಿ