ಗುರುಗಳು ಮೂಲ ಕೇಳದ ಒಂದು ಗಾದೆ

ಗುರುಗಳೇ,

ನೀವು ತೀರಿಕೊಂಡಾಗ ನಿಮ್ಮ ಮಣ್ಣಿಗೆ ಬಂದ ದಿನ ಬಿಕ್ಕಿ ಬಿಕ್ಕಿ ಅತ್ತಿದ್ದೆ. ಎರಡು ವರ್ಷವಾದ ಮೇಲೆ ಇವತ್ತು ಬರೆಯುತ್ತಿರುವುದು ಸಿಟ್ಟಿನಲ್ಲಿ.

ನಿಂಬರ್ಗಾದ ಶಾಲೆಯಲ್ಲಿ, ಏಳನೇ ತರಗತಿಯಲ್ಲಿ, ನೀವು ಒಂದು ಚಾವಿ ಎತ್ತಿ ಹಿಡಿದು, "ಇದು ಎಲ್ಲಿಂದ ಬಂದದ ಹೇಳ್ರಿ?" ಎಂದಿರಿ. "ನಿಮ್ಮ ಕಿಸೆದಾಗಿಂದ್ರಿ ಸರ್" ಎಂದೆ. ಎಲ್ಲರೂ ನಕ್ಕರು, ನೀವೂ ನಕ್ಕಿರಿ. ಚಾವಿ ಎಂಬ ಮಾತು ಪೋರ್ಚುಗೀಸರ ಹಡಗಿನಲ್ಲಿ ಬಂತು, ಬಟಾಟಿಯೂ ಅವರದೇ, ಖುರ್ಚಿ ಅರಬ್ಬರದು ಎಂದಿರಿ. ಮನೆಗೆ ಹೋಗಿ ಅವ್ವನ ಅಡುಗೆಮನೆಯ ಒಂದೊಂದು ಸಾಮಾನಿನ ಹೆಸರಿಗೂ ಊರು ಹುಡುಕಿದೆ. ನಾನು ಕನ್ನಡ ಶಿಕ್ಷಕಿಯಾದದ್ದು ಅವತ್ತೇ.

ಅದೇ ವರ್ಷ ಕರಿಹಲಗೆಯ ಮೇಲೆ ಐದು ಗಾದೆ ಬರೆದು, ವಿಸ್ತರಿಸಿ ತನ್ನಿ ಎಂದಿರಿ. ಮೂರನೆಯದರಲ್ಲಿ ನಮ್ಮ ಜಾತಿಯ ಹೆಸರಿತ್ತು. ಅದನ್ನು ಇಲ್ಲಿ ಬರೆಯುವುದಿಲ್ಲ. ಇಡೀ ವರ್ಗ ನನ್ನತ್ತ ತಿರುಗಿ ನೋಡಿತು. ನೀವು ನೋಡಲಿಲ್ಲ. ಕೀಳು ಬುದ್ಧಿ ಎಂದೂ ಬದಲಾಗದು, ಇದೇ ತಾತ್ಪರ್ಯ ಎಂದಿರಿ. ಸಂಜೆ ಕೂಲಿಯಿಂದ ಬಂದ ಅಪ್ಪ ಪಕ್ಕದಲ್ಲಿ ಕೂತ. ಅವನಿಗೆ ಓದು ಬರುವುದಿಲ್ಲ.

"ಏನ್ ಬರ್ಯಾಕತ್ತಿ ಬೇ? ನನಗೂ ಓದಿ ಹೇಳು."

"ಪ್ರಾಣಿ ಕಥಿ ಅದ ಅಪ್ಪಾ" ಎಂದೆ.

ನಾನು ಬರೆದ ಆ ವಿಸ್ತರಣೆಗೆ ನೀವು ಹತ್ತಕ್ಕೆ ಹತ್ತು ಕೊಟ್ಟಿರಿ. ಯಾಕೆ ಕೊಟ್ಟಿರಿ ಸರ್? ಒಂದು ಚಾವಿಯ ಬೆನ್ನು ಹತ್ತಿ ಸಮುದ್ರ ದಾಟಿದವರು ನೀವು. ಆ ಗಾದೆಯನ್ನು ಕಟ್ಟಿದವರು ಯಾರು, ಯಾರ ಕಟ್ಟೆಯ ಮೇಲೆ ಕೂತು, ಯಾರನ್ನು ದೂರ ನಿಲ್ಲಿಸಿ ಕಟ್ಟಿದರು ಎಂದು ಒಮ್ಮೆಯಾದರೂ...

ಕಳೆದ ತಿಂಗಳು, ಜೇವರ್ಗಿಯಲ್ಲಿ ನಾನೀಗ ಕಲಿಸುವ ಶಾಲೆಯಲ್ಲಿ, ಸುಜಾತಾ ಎಂಬ ಹುಡುಗಿ ಬಿಸಿಲಲ್ಲಿ ನಿಂತಿದ್ದಳು. ಹಿರಿಯ ಶಿಕ್ಷಕರೊಬ್ಬರು ಪರೀಕ್ಷೆಗೆ ಅದೇ ಗಾದೆ ಕೊಟ್ಟಿದ್ದರು. ಬರೆಯದ ತಪ್ಪಿಗೆ ಅವಳಿಗೆ ಶಿಕ್ಷೆ.

"ಯಾಕ ಬರಿಲಿಲ್ಲ?" ಎಂದೆ.

"ನಮ್ಮಪ್ಪನ ಬುದ್ಧಿ ಕೀಳ ಅಲ್ರಿ ಮಿಸ್."

ನನ್ನ ಬಾಯಲ್ಲಿ ಆ ವಯಸ್ಸಿನಲ್ಲಿ ಈ ಮಾತು ಯಾಕೆ ಬರಲಿಲ್ಲ? ಅವಳನ್ನು ಕೈಹಿಡಿದು ಶಿಕ್ಷಕರ ಕೋಣೆಗೆ ಕರೆದೊಯ್ದೆ. "ಆ ಪ್ರಶ್ನಿ ತಗೀರಿ ಸರ್" ಎಂದೆ.

"ಹಿರ್ಯಾರ ಮಾತು ಅದು, ಮೇಡಂ. ನಿಮ್ಮ ನಿಂಬರ್ಗಾ ಗುರುಗಳೂ ಕಲ್ಸ್ಯಾರಲ್ರಿ?"

ನಾನು ಆ ಕೋಣೆಯಲ್ಲಿ ದಿನವೂ ಕೊಂಡಾಡುತ್ತಿದ್ದ ನಿಮ್ಮನ್ನೇ ನನ್ನ ಮುಖಕ್ಕೆ ಎಸೆದರು.

"ಕಲ್ಸ್ಯಾರ್ರಿ. ಅವರು ಮಾಡಿದ್ದೂ ತಪ್ಪ" ಎಂದೆ.

ನಿಮ್ಮ ವಿರುದ್ಧ ನಾನಾಡಿದ ಮೊದಲ ಮಾತು ಅದು. ಮಾತು ಕೇಳಿ ಬಂದ ಮುಖ್ಯ ಶಿಕ್ಷಕಿ ಆ ಪ್ರಶ್ನೆಯನ್ನು ಕೈಬಿಡಿಸಿದರು, ಹುಡುಗಿ ಒಳಗೆ ಹೋಗಿ ಕೂತಳು. ಆ ಶಿಕ್ಷಕರು ಈಗ ನನ್ನ ಜೊತೆ ಮಾತಾಡುವುದಿಲ್ಲ.

ಭಾನುವಾರ ಊರಿಗೆ ಹೋಗಿ ಅಪ್ಪನಿಗೆ ನಿಜ ಹೇಳಿದೆ. ಅವನು ತೊಗರಿ ಕೇರುತ್ತಿದ್ದ ಮೊರವನ್ನು ಕೆಳಗಿಟ್ಟ. "ನನಗ ಗೊತ್ತಿತ್ತು ಬೇ. ಪ್ರಾಣಿ ಕಥಿ ಬರಿಯೋರು ಯಾರರ ಅಳ್ತಾರೇನು?" ಎಂದ. ಇಷ್ಟು ವರ್ಷ ಗೊತ್ತಿದ್ದೂ ಸುಮ್ಮನಿದ್ದ, ನನ್ನ ಓದು ನಿಲ್ಲಬಾರದೆಂದು. ಈ ಸಿಟ್ಟನ್ನು ನಾನು ಯಾರ ಮೇಲೆ ಹಾಕಲಿ?

ಅವತ್ತೇ ನಿಮ್ಮ ಮನೆಗೂ ಹೋಗಿದ್ದೆ. ನೀವು ಜೀವನವೆಲ್ಲ ಕೂಡಿಸಿ ಬರೆದಿಟ್ಟ ಮಾತುಗಳ ವಹಿಯನ್ನು ಅಚ್ಚು ಹಾಕಿಸು ಎಂದು, ನಾವೆಲ್ಲ ಅಮ್ಮ ಎನ್ನುವ ನಿಮ್ಮ ಹೆಂಡತಿ ನನ್ನ ಕೈಗೆ ಕೊಟ್ಟರು. ಆ ಗಾದೆ ಅದರಲ್ಲೂ ಇದೆ, ಅದೇ ತಾತ್ಪರ್ಯದ ಜೊತೆ. ತೋರಿಸಿದೆ. ಅಮ್ಮ ವಹಿಯನ್ನು ಮುಚ್ಚಿದರು. "ಆ ಹಾಳಿ ಹರದ ಬಿಡು. ಯಾರಿಗಿ ತಿಳೀತದ?" ಎಂದರು.

ಹರಿಯುವುದಿಲ್ಲ ಸರ್. ಗಾದೆಯನ್ನು ಅಚ್ಚು ಹಾಕಿಸುವುದೂ ಇಲ್ಲ. ಆ ಜಾಗದಲ್ಲಿ, ಇಲ್ಲಿದ್ದ ಮಾತನ್ನು ನಮಗೆ ಕಲಿಸಿದ್ದು ನನ್ನ ಗುರುಗಳ ತಪ್ಪು ಎಂದು ಬರೆದು ಕೆಳಗೆ ನನ್ನ ಹೆಸರು ಹಾಕುತ್ತೇನೆ. ಉಳಿದ ಪುಟಗಳಲ್ಲಿ ಒಂದಕ್ಷರವನ್ನೂ ಮುಟ್ಟುವುದಿಲ್ಲ. ಅಚ್ಚಾದ ಮೇಲೆ, ಆ ಪುಸ್ತಕವನ್ನೇ ಕೈಯಲ್ಲಿ ಹಿಡಿದು ಪಾಠ ಮಾಡುತ್ತೇನೆ.